ಪ್ರೋಟಾನ್ ಥೆರಪಿಯಲ್ಲಿ ಪೋಸ್ಟ್‌ಡಾಕ್ ಸಿಕ್ಕಿದೆ, ಹೋಗಲಾ ಬೇಡವಾ?

ಶಿವಗಂಗೋತ್ರಿ_ಹುಡುಗಿ
ನಮಸ್ಕಾರ ಎಲ್ಲರಿಗೂ. ನಾನು ದಾವಣಗೆರೆಯವಳು. ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಪಿಎಚ್‌ಡಿ ಮುಗಿದಿದೆ, ವೈವಾ ಕೂಡ ಆಯಿತು. ಈಗ ಯುರೋಪಿನ ಒಂದು ಪ್ರೋಟಾನ್ ಕ್ಯಾನ್ಸರ್ ಚಿಕಿತ್ಸಾ ಕೇಂದ್ರದಿಂದ ಪೋಸ್ಟ್‌ಡಾಕ್ (ಪಿಎಚ್‌ಡಿ ಆದ ಮೇಲಿನ ತಾತ್ಕಾಲಿಕ ಸಂಶೋಧನಾ ಕೆಲಸ) ಆಫರ್ ಬಂದಿದೆ. ಎರಡು ವರ್ಷದ ಕಾಂಟ್ರ್ಯಾಕ್ಟ್. ಕೆಲಸ ಏನೆಂದರೆ, ಪ್ರೋಟಾನ್ ಕಿರಣ ರೋಗಿಯ ದೇಹದೊಳಗೆ ನಿಜಕ್ಕೂ ಎಲ್ಲಿ ನಿಂತಿತು ಅಂತ ಪ್ರಾಂಪ್ಟ್ ಗಾಮಾ ಕಿರಣ (ಪ್ರೋಟಾನ್ ಬಡಿದ ತಕ್ಷಣ ಹೊರಬರುವ ಗಾಮಾ) ಹಿಡಿದು ಪತ್ತೆ ಮಾಡುವುದು. ಅರ್ಧ ಸಿಮ್ಯುಲೇಷನ್, ಅರ್ಧ ಡಿಟೆಕ್ಟರ್ ಕೆಲಸ. ಗಾಮಾ ಡಿಟೆಕ್ಟರ್ ನನಗೆ ಗೊತ್ತು. ಆಸ್ಪತ್ರೆ ಒಳಗಿನ ಕೆಲಸ ಗೊತ್ತಿಲ್ಲ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅಮ್ಮನಿಗೆ ರೇಡಿಯೇಷನ್ ಭಯ. ಅಪ್ಪನ ಪ್ರಶ್ನೆ "ಎರಡು ವರ್ಷ ಆದ ಮೇಲೆ ಏನು?" ಮಾವ ಹೇಳುವುದು, ಇಲ್ಲೇ ಡಿಗ್ರಿ ಕಾಲೇಜಿನಲ್ಲಿ ಗೆಸ್ಟ್ ಆಗಿ ಸೇರಿ ಪರ್ಮನೆಂಟ್ ಪೋಸ್ಟ್‌ಗೆ ಕಾಯಿ ಅಂತ.

ನನ್ನ ಪ್ರಶ್ನೆ ಎರಡು. ಈ ಅನುಭವ ಮುಂದೆ ನಮ್ಮ ದೇಶದಲ್ಲಿ ಕೆಲಸಕ್ಕೆ ಬರುತ್ತಾ? ವಾಪಸ್ ಬಂದ ಮೇಲೆ ಆಸ್ಪತ್ರೆಯಲ್ಲಿ ಮೆಡಿಕಲ್ ಫಿಸಿಸಿಸ್ಟ್ ಆಗಬಹುದಾ? ಬೇಗ ಉತ್ತರ ಕೊಡಬೇಕು. ಗೊತ್ತಿರುವವರು ದಯವಿಟ್ಟು ಬರೆಯಿರಿ.

ಬೆಣ್ಣೆನಗರಿ
ಅಭಿನಂದನೆ! ಹೋಗಿ. ಯೋಚನೆ ಮಾಡುವ ವಿಷಯವೇ ಅಲ್ಲ ಇದು.

ಪಿಜೆ_ಬಡಾವಣೆ
ಯೋಚನೆ ಮಾಡುವ ವಿಷಯವೇ. ಪೋಸ್ಟ್‌ಡಾಕ್ ಎಂದರೆ ಪರ್ಮನೆಂಟ್ ಅಲ್ಲ. ನಮ್ಮ ಸಂಬಂಧಿಕರ ಹುಡುಗ ಒಂದಾದ ಮೇಲೊಂದು ಪೋಸ್ಟ್‌ಡಾಕ್ ಮಾಡುತ್ತಾ ಹೋದ. ಪ್ರತಿ ಸಲ ಹೊಸ ದೇಶ, ಹೊಸ ವೀಸಾ, ಹೊಸ ಮನೆ. ನಲವತ್ತು ಹತ್ತಿರ ಬಂದಾಗ ಊರಿಗೆ ಬಂದು ಹೊಸದಾಗಿ ಕೆಲಸ ಹುಡುಕಿದ. ಬುದ್ಧಿವಂತ ಹುಡುಗನೇ. ತಪ್ಪು ಅವನದಲ್ಲ, ಆ ವ್ಯವಸ್ಥೆಯೇ ಹಾಗೆ. ನಿಮ್ಮ ಅಪ್ಪ ಕೇಳಿದ ಪ್ರಶ್ನೆ ಸರಿಯಾಗಿದೆ.

ಲೀನಾಕ್_ಕನ್ಸೋಲ್
ನಾನು ಮೆಡಿಕಲ್ ಫಿಸಿಸಿಸ್ಟ್. ಹುಟ್ಟೂರು ಹರಿಹರ, ಕೆಲಸ ಬೇರೆ ಊರಲ್ಲಿ. ಎರಡನೇ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಪೋಸ್ಟ್‌ಡಾಕ್ ಮಾಡಿ ಬಂದ ಮಾತ್ರಕ್ಕೆ ಇಲ್ಲಿನ ಆಸ್ಪತ್ರೆಯಲ್ಲಿ ಮೆಡಿಕಲ್ ಫಿಸಿಸಿಸ್ಟ್ ಆಗಲು ಬರುವುದಿಲ್ಲ. ಎಷ್ಟು ದೊಡ್ಡ ಕೇಂದ್ರದಿಂದ ಬಂದರೂ ಅಷ್ಟೇ.

ನಮ್ಮಲ್ಲಿ ಎಇಆರ್‌ಬಿ, ಅಂದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅರ್ಹತೆ ನಿಗದಿ ಮಾಡಿದೆ. ಎಂಎಸ್ಸಿ ಫಿಸಿಕ್ಸ್ ಮಾಡಿ, ಅದರ ಮೇಲೆ ರೇಡಿಯಾಲಾಜಿಕಲ್ ಫಿಸಿಕ್ಸ್ ಡಿಪ್ಲೊಮಾ ಮಾಡಬೇಕು. ಇಲ್ಲವೇ ಮೆಡಿಕಲ್ ಫಿಸಿಕ್ಸ್‌ನಲ್ಲೇ ಎಂಎಸ್ಸಿ ಆಗಿರಬೇಕು. ಅದಾದ ಮೇಲೆ ರೇಡಿಯೇಷನ್ ವಿಭಾಗದಲ್ಲಿ ಒಂದು ವರ್ಷ ಇಂಟರ್ನ್‌ಶಿಪ್. ಸೇಫ್ಟಿ ಆಫೀಸರ್ ಆಗಬೇಕೆಂದರೆ ಆರ್‌ಎಸ್‌ಒ ಪರೀಕ್ಷೆ ಬೇರೆ. ನಿಮ್ಮ ಪಿಎಚ್‌ಡಿ ಒಳ್ಳೆಯದೇ, ಆದರೆ ಅದು ಈ ಪಟ್ಟಿಯಲ್ಲಿ ಯಾವುದರ ಜಾಗದಲ್ಲೂ ಕೂರುವುದಿಲ್ಲ.

ಅಮೆರಿಕದಲ್ಲೂ ಬಾಗಿಲು ಬೇರೆ ಬೇರೆಯೇ. ಅಲ್ಲಿ ಬೋರ್ಡ್ ಪರೀಕ್ಷೆ ಪಾಸಾಗಲು ಮಾನ್ಯತೆ ಇರುವ ರೆಸಿಡೆನ್ಸಿ ಬೇಕು. ಪೋಸ್ಟ್‌ಡಾಕ್ ಅದಕ್ಕೆ ಸಮ ಅಲ್ಲ.

ಹಾಗಂತ ಹೋಗಬೇಡಿ ಅನ್ನುತ್ತಿಲ್ಲ. ಸಂಶೋಧನೆ ಬೇಕಾ, ಆಸ್ಪತ್ರೆ ಕೆಲಸ ಬೇಕಾ ಅಂತ ಮೊದಲು ತೀರ್ಮಾನ ಮಾಡಿ. ಎರಡೂ ಬೇಕಿದ್ದರೆ ಎರಡು ದಾರಿಯನ್ನೂ ನಡೆಯಬೇಕು.

ದುರ್ಗದ_ಏಳುಸುತ್ತು
ಸ್ವಾಮಿ, ನಮ್ಮಂಥವರಿಗೂ ಅರ್ಥ ಆಗುವ ಹಾಗೆ ಹೇಳಿ. ಈ ಪ್ರೋಟಾನ್ ಅಂದರೆ ಏನು ವಿಶೇಷ? ನಮ್ಮೂರಲ್ಲಿ ಕ್ಯಾನ್ಸರ್ ಬಂದವರಿಗೆ "ಕರೆಂಟ್ ಕೊಟ್ಟರು" ಅಂತಾರಲ್ಲ, ಅದೇನಾ?

ಕುಂದವಾಡ_ಕೆರೆ_ದಂಡೆ
ಅದರದೇ ತಮ್ಮ ಅನ್ನಿ. ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವನು, ನನಗೆ ತಿಳಿದಷ್ಟು ಹೇಳುತ್ತೇನೆ.

"ಕರೆಂಟ್" ಅಂತ ನಾವು ಹೇಳುವುದು ಎಕ್ಸ್‌ರೇ ಅಥವಾ ಗಾಮಾ ಕಿರಣ. ಅದು ದೇಹಕ್ಕೆ ಹೊಕ್ಕರೆ ಇನ್ನೊಂದು ಕಡೆಯಿಂದ ಹೊರಗೆ ಹೋಗುತ್ತದೆ. ದಾರಿಯುದ್ದಕ್ಕೂ ಡೋಸ್ ಬಿಡುತ್ತದೆ, ಗೆಡ್ಡೆಯ ಹಿಂದಿರುವ ಒಳ್ಳೆಯ ಅಂಗಕ್ಕೂ ತಗಲುತ್ತದೆ. ಪ್ರೋಟಾನ್‌ಗೆ ತೂಕ ಇದೆ, ಚಾರ್ಜ್ ಇದೆ. ವೇಗ ಇದ್ದಾಗ ಕಡಿಮೆ ಶಕ್ತಿ ಬಿಡುತ್ತದೆ, ನಿಧಾನ ಆದಂತೆ ಜಾಸ್ತಿ ಬಿಡುತ್ತದೆ, ಕೊನೆಗೆ ನಿಂತೇ ಬಿಡುತ್ತದೆ. ಮಂಡಕ್ಕಿ ಚೀಲಕ್ಕೆ ತೂತು ಬಿದ್ದ ಲಾರಿ ಹೈವೇಯಲ್ಲಿ ಓಡುವಾಗ ಅಲ್ಲೊಂದು ಇಲ್ಲೊಂದು ಕಾಳು ಬೀಳುತ್ತೆ, ಟೋಲ್ ಹತ್ತಿರ ನಿಧಾನ ಆದಾಗ ರಾಶಿ ಬೀಳುತ್ತೆ ನೋಡಿ, ಹಾಗೆ. ಆ ರಾಶಿಗೆ ಬ್ರ್ಯಾಗ್ ಪೀಕ್ ಅಂತಾರೆ. ಅದರ ಆಚೆ ಡೋಸ್ ಹೆಚ್ಚುಕಡಿಮೆ ಸೊನ್ನೆ.

70 ಎಂಇವಿ (ಎಂಇವಿ ಅಂದರೆ ಕಣದ ಶಕ್ತಿಯ ಅಳತೆ) ಪ್ರೋಟಾನ್ ನೀರಿನಲ್ಲಿ ಸುಮಾರು 4 ಸೆಂ.ಮೀ. ಹೋಗುತ್ತದೆ. 230 ಎಂಇವಿ ಆದರೆ ಸುಮಾರು 33 ಸೆಂ.ಮೀ. ಅಷ್ಟು ಶಕ್ತಿ ಬರಬೇಕೆಂದರೆ ಪ್ರೋಟಾನ್ ಬೆಳಕಿನ ವೇಗದ ಶೇ 60ರಷ್ಟು ವೇಗದಲ್ಲಿ ಓಡಬೇಕು. ಅದಕ್ಕೇ ಸೈಕ್ಲೋಟ್ರಾನ್ ಥರದ ದೊಡ್ಡ ಯಂತ್ರ ಬೇಕಾಗುವುದು.

ದುರ್ಗದ_ಏಳುಸುತ್ತು
ಈಗ ತಲೆಗೆ ಹೋಯಿತು ಸರ್. ಧನ್ಯವಾದ.

ಬೆಣ್ಣೆನಗರಿ
ಇದು 1990ರಲ್ಲಿ ಅಮೆರಿಕದಲ್ಲಿ ಶುರುವಾದ ಹೊಸ ಟೆಕ್ನಾಲಜಿ ಅಲ್ವಾ? ಹೊಸ ಕ್ಷೇತ್ರ ಅಂದರೆ ಅವಕಾಶ ಜಾಸ್ತಿ.

ಕುಂದವಾಡ_ಕೆರೆ_ದಂಡೆ
ಇಲ್ಲ, ಬಹಳ ಹಳೆಯದು. ರಾಬರ್ಟ್ ವಿಲ್ಸನ್ ಎನ್ನುವ ಭೌತವಿಜ್ಞಾನಿ 1946ರಲ್ಲೇ ಪ್ರೋಟಾನ್‌ನಿಂದ ಚಿಕಿತ್ಸೆ ಮಾಡಬಹುದು ಅಂತ ಲೇಖನ ಬರೆದರು. ಬಾಂಬ್ ತಯಾರಿಸಿದ ಮ್ಯಾನ್‌ಹಟನ್ ಯೋಜನೆಯಲ್ಲಿ ಇದ್ದವರು ಅವರು, ಮುಂದೆ ಫರ್ಮಿಲ್ಯಾಬ್ ಎನ್ನುವ ದೊಡ್ಡ ಪ್ರಯೋಗಾಲಯ ಕಟ್ಟಿದವರೂ ಅವರೇ. 1954ರಲ್ಲಿ ಬರ್ಕ್‌ಲಿಯಲ್ಲಿ ಮೊದಲ ರೋಗಿಗಳಿಗೆ ಪ್ರೋಟಾನ್ ಕೊಟ್ಟರು. ನೀವು ಹೇಳುವ 1990 ಅಮೆರಿಕದ ಲೋಮಾ ಲಿಂಡಾ ಆಸ್ಪತ್ರೆಯದು. ಅಲ್ಲಿವರೆಗೆ ಹೆಚ್ಚಾಗಿ ಭೌತವಿಜ್ಞಾನದ ಲ್ಯಾಬ್‌ಗಳಲ್ಲಿ ಯಂತ್ರ ಬಿಡುವಾದಾಗ ರೋಗಿಗಳನ್ನು ಕರೆಯುತ್ತಿದ್ದರು. ಅಮೆರಿಕದಲ್ಲಿ ಆಸ್ಪತ್ರೆಯೊಳಗೇ ಪ್ರೋಟಾನ್ ಯಂತ್ರ ಕಟ್ಟಿದ್ದು ಲೋಮಾ ಲಿಂಡಾದಲ್ಲಿ ಮೊದಲು. ನಮ್ಮ ದೇಶಕ್ಕೆ 2019ರಲ್ಲಿ ಬಂತು, ಚೆನ್ನೈಗೆ. ಆಮೇಲೆ ನವಿ ಮುಂಬೈನ ಖಾರ್ಘರ್‌ನಲ್ಲಿ ಟಾಟಾ ಮೆಮೋರಿಯಲ್‌ನವರ ಆಕ್ಟ್ರೆಕ್ ಕ್ಯಾನ್ಸರ್ ಕೇಂದ್ರಕ್ಕೆ.

ಗುಂಡಿ_ಸರ್ಕಲ್
ಎಲ್ಲಾ ಸರಿ. ನನ್ನದೊಂದು ಬೇರೆ ಮಾತು. ನಮ್ಮ ಜಿಲ್ಲೆಗೆ ಪ್ರೋಟಾನ್ ಯಾಕೆ ಬೇಕು? ನೂರಾರು ಕೋಟಿ ಯಂತ್ರ ಅದು. ಇಲ್ಲಿ ಜಗಳೂರು, ಹರಪನಹಳ್ಳಿ ಕಡೆಯಿಂದ ಬರುವ ಬಡವರಿಗೆ ಸಾದಾ ರೇಡಿಯೇಷನ್ನೇ ಸರಿಯಾದ ಸಮಯಕ್ಕೆ ಸಿಗುವುದಿಲ್ಲ. ಬಾಯಿ ಕ್ಯಾನ್ಸರ್, ಗರ್ಭಕೊರಳಿನ ಕ್ಯಾನ್ಸರ್ ಇಲ್ಲಿ ಜಾಸ್ತಿ. ಎರಡಕ್ಕೂ ಒಳ್ಳೆಯ ಲೀನಾಕ್ (ಎಕ್ಸ್‌ರೇ ಕೊಡುವ ಯಂತ್ರ), ಕೊಬಾಲ್ಟ್ (ಗಾಮಾ ಕೊಡುವ ಯಂತ್ರ), ಬ್ರೇಕಿಥೆರಪಿ (ಗೆಡ್ಡೆಯ ಒಳಗೋ ಪಕ್ಕದಲ್ಲೋ ರೇಡಿಯೇಷನ್ ಮೂಲ ಇಡುವುದು) ಸಾಕು. ಇಷ್ಟು ಓದಿದ ಹುಡುಗಿ ಅಲ್ಲಿ ಹೋಗಿ ಶ್ರೀಮಂತರ ಯಂತ್ರ ಕಲಿತು ಬಂದರೆ ನಮಗೇನು ಲಾಭ?

ಶಿವಗಂಗೋತ್ರಿ_ಹುಡುಗಿ
ಈ ಪ್ರಶ್ನೆ ನನಗೂ ಕಾಡುತ್ತಿದೆ. ಇದಕ್ಕೆ ಯಾರಾದರೂ ಉತ್ತರ ಕೊಡಿ.

ಲೀನಾಕ್_ಕನ್ಸೋಲ್
ಗುಂಡಿ ಸರ್ಕಲ್‌ನವರ ಅರ್ಧ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಮೊದಲು ಬೇಕಿರುವುದು ಲೀನಾಕ್, ಅದನ್ನು ನಡೆಸುವ ಜನ. ಪ್ರೋಟಾನ್ ಎಲ್ಲರಿಗೂ ಬೇಕಾಗಿಲ್ಲ. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಪ್ರೋಟಾನ್ ಮತ್ತು ಐಎಂಆರ್‌ಟಿ (ಗೆಡ್ಡೆಯ ಆಕಾರಕ್ಕೆ ತಕ್ಕಂತೆ ಕೊಡುವ ಎಕ್ಸ್‌ರೇ) ಹೋಲಿಸಿದ ಪಾರ್ಟಿಕೋಲ್ ಅಧ್ಯಯನದ ಫಲಿತಾಂಶ 2024ರಲ್ಲಿ ಬಂತು. ಕರುಳಿನ ತೊಂದರೆಯಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಜಾಹೀರಾತು ನೋಡಿ ಮನೆ ಮಾರಿ ಪ್ರೋಟಾನ್‌ಗೆ ಓಡುವವರಿಗೆ ಇದನ್ನು ಹೇಳಲೇಬೇಕು.

ಇನ್ನರ್ಧಕ್ಕೆ ಒಪ್ಪಿಗೆ ಇಲ್ಲ. ಮಕ್ಕಳ ಮೆದುಳಿನ ಗೆಡ್ಡೆ ತಗೊಳ್ಳಿ. ಮೆಡುಲ್ಲೋಬ್ಲಾಸ್ಟೋಮಾ ಇದ್ದರೆ ಮೆದುಳು, ಬೆನ್ನುಹುರಿ ಎರಡಕ್ಕೂ ರೇಡಿಯೇಷನ್ ಬೇಕು. ಬೆನ್ನಿನಿಂದ ಎಕ್ಸ್‌ರೇ ಕೊಟ್ಟರೆ ಹೃದಯ, ಥೈರಾಯ್ಡ್, ಕರುಳು ದಾಟಿ ಮುಂದೆ ಹೊರಬರುತ್ತದೆ. ಪ್ರೋಟಾನ್ ಬೆನ್ನುಮೂಳೆ ಹತ್ತಿರವೇ ನಿಲ್ಲುತ್ತದೆ. ಆ ಮಗು ಇನ್ನೂ ಅರವತ್ತು ವರ್ಷ ಬದುಕಬೇಕು. ಅಲ್ಲಿ ಲಾಭ ಇದೆ. ತಲೆಬುರುಡೆ ಬುಡದ ಕಾರ್ಡೋಮಾ ಗೆಡ್ಡೆ, ಕಣ್ಣಿನ ಮೆಲನೋಮಾ ಕ್ಯಾನ್ಸರ್, ಅಲ್ಲೂ ಇದೆ.

ಇನ್ನೊಂದು. ಡೋಸ್ ಲೆಕ್ಕ, ಮಾಂಟೆ ಕಾರ್ಲೊ (ಕಣಗಳ ದಾರಿಯನ್ನು ಕಂಪ್ಯೂಟರ್‌ನಲ್ಲಿ ಅನುಕರಿಸುವ ಲೆಕ್ಕ), ಅನಿಶ್ಚಿತತೆಯನ್ನು ಅಳೆಯುವ ಅಭ್ಯಾಸ, ಇವನ್ನೆಲ್ಲ ಪ್ರೋಟಾನ್ ಕೇಂದ್ರದಲ್ಲಿ ಕಲಿತವರು ಸಾದಾ ಲೀನಾಕ್ ಮುಂದೆ ನಿಂತರೂ ಕೆಲಸ ಚೆನ್ನಾಗಿ ಮಾಡುತ್ತಾರೆ. ಯಂತ್ರ ಮಾತ್ರ ಶ್ರೀಮಂತರದು. ಅಲ್ಲಿ ಬರುವ ಕಲಿಕೆ ಎಲ್ಲರ ಕೆಲಸಕ್ಕೂ ಬರುತ್ತದೆ.

ಹಿರಿಯೂರು_ಬೈಪಾಸ್
ನಮ್ಮ ಅಣ್ಣನ ಮಗಳಿಗೆ ಮೇಲೆ ಹೇಳಿದ ಆ ಮೆದುಳಿನ ಗೆಡ್ಡೆಯೇ ಬಂದಿತ್ತು. ಆಪರೇಷನ್ ಆದ ಮೇಲೆ ಚೆನ್ನೈಗೆ ಹೋದೆವು. ವಾರದಲ್ಲಿ ಐದು ದಿನ, ವಾರಗಟ್ಟಲೆ. ಮುಖಕ್ಕೆ ಒಂದು ಜಾಲರಿ ಮಾಸ್ಕ್ ಹಾಕಿ ಹಲಗೆಗೆ ಕಟ್ಟುತ್ತಾರೆ, ಅಲುಗಾಡದ ಹಾಗೆ. ಕಿರಣ ಬಿಡುವುದು ಸ್ವಲ್ಪ ಹೊತ್ತು, ಸರಿಯಾಗಿ ಮಲಗಿಸುವುದಕ್ಕೇ ಜಾಸ್ತಿ ಹೊತ್ತು. ಗಾಜಿನ ಆಚೆ ಕಂಪ್ಯೂಟರ್ ಮುಂದೆ ಡಾಕ್ಟರ್ ಅಲ್ಲದ ಇಬ್ಬರು ಕೂತಿರುತ್ತಿದ್ದರು. ಇವರು ಯಾರು ಅಂತ ಕೇಳಿದೆ. ಫಿಸಿಸಿಸ್ಟ್ ಅಂದರು. ಫಿಸಿಕ್ಸ್ ಓದಿದವರು ಆಸ್ಪತ್ರೆಯಲ್ಲಿ ಇರುತ್ತಾರೆ ಅಂತ ನನಗೆ ಗೊತ್ತಾಗಿದ್ದೇ ಆವತ್ತು.

ಇನ್ಶೂರೆನ್ಸ್‌ನವರು "ಇದು ಪಟ್ಟಿಯಲ್ಲಿ ಇಲ್ಲ" ಅಂತ ಕೈ ಎತ್ತಿದರು. ಕಂಪನಿ ಹೆಸರು ಬೇಡ. ತೋಟ ಅಡವಿಟ್ಟು ಕೊಟ್ಟೆವು. ಮಗು ಈಗ ಸ್ಕೂಲಿಗೆ ಹೋಗುತ್ತಿದೆ. ತಂಗಿ, ನೀನು ಹೋಗಮ್ಮ. ಕಲಿತು ಬಾ. ಈ ಚಿಕಿತ್ಸೆ ಅಗ್ಗ ಆಗಬೇಕಾದರೆ ನಿನ್ನಂಥವರು ಜಾಸ್ತಿ ಆಗಬೇಕು.

ಶಿವಗಂಗೋತ್ರಿ_ಹುಡುಗಿ
ಅಣ್ಣಾ, ಓದಿ ಕಣ್ಣು ತುಂಬಿತು. ಮಗು ಚೆನ್ನಾಗಿರಲಿ.

ರಾಮ್‌ಕೋ_ಸಂಜೆ
ಗುಂಡಿ ಸರ್ಕಲ್‌ನವರು ಬಾಯಿ ಕ್ಯಾನ್ಸರ್ ಅಂದರಲ್ಲ, ಅದಕ್ಕೆ ಕಾರಣ ಗುಟ್ಕಾ, ಅಡಿಕೆ. ಬೇರಿನಲ್ಲೇ ನಿಲ್ಲಿಸಿದರೆ ಯಾವ ಯಂತ್ರವೂ ಬೇಡ.

ಚನ್ನಗಿರಿ_ತೋಟ
ಅಡಿಕೆಯನ್ನು ಯಾಕೆ ಎಳೆಯುತ್ತೀರಿ? ನಮ್ಮ ತಾಲ್ಲೂಕು ನಿಂತಿರುವುದೇ ಅಡಿಕೆ ಮೇಲೆ. ತೊಂದರೆ ಇರುವುದು ತಂಬಾಕಿನಲ್ಲಿ, ಅಡಿಕೆಯಲ್ಲಲ್ಲ. ನಮ್ಮ ಅಜ್ಜ ಜೀವನಪೂರ್ತಿ ಎಲೆ ಅಡಿಕೆ ಹಾಕಿದರು, ಏನೂ ಆಗಲಿಲ್ಲ.

ಲೀನಾಕ್_ಕನ್ಸೋಲ್
ಅಜ್ಜ ಚೆನ್ನಾಗಿದ್ದರು ಅನ್ನುವುದು ಸಂತೋಷ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 2004ರಲ್ಲೇ ತಂಬಾಕು ಸೇರದ ಅಡಿಕೆಯನ್ನೂ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ಬಾಯಿ ತೆರೆಯಲು ಆಗದೆ, ಎರಡು ಬೆರಳು ಕೂಡ ಒಳಗೆ ಹೋಗದ ಸ್ಥಿತಿಯಲ್ಲಿ ಬರುವ ಇಪ್ಪತ್ತೈದರ ಹುಡುಗರನ್ನು ನಾನು ನೋಡುತ್ತೇನೆ. ರೈತರ ಮೇಲೆ ನನಗೆ ಸಿಟ್ಟಿಲ್ಲ. ಹತ್ತು ಪೈಸೆ ಲಾಭಕ್ಕೆ ಸ್ಯಾಶೆ ಮಾಡಿ ಸ್ಕೂಲ್ ಪಕ್ಕ ಮಾರುವವರ ಮೇಲಿದೆ.

ಚನ್ನಗಿರಿ_ತೋಟ
ಸ್ಯಾಶೆ ಮಾರುವವರ ಮೇಲೆ ನನಗೂ ಸಿಟ್ಟಿದೆ. ಆದರೆ ಅಡಿಕೆಗೆ ಬದಲು ಏನು ಬೆಳೆಯಬೇಕು ಅಂತಲೂ ಹೇಳಿ.

ನಿರ್ವಾಹಕ
ಅಡಿಕೆಗೆ ಬೇರೆ ಚರ್ಚೆ ತೆರೆಯಿರಿ, ಅಲ್ಲಿ ಮುಂದುವರಿಸೋಣ. ಇಲ್ಲಿ ಪೋಸ್ಟ್‌ಡಾಕ್ ವಿಷಯ ಮಾತ್ರ.

ರಾತ್ರಿ_ಬೀಮ್
ತಡವಾಗಿ ನೋಡಿದೆ. ನಾನು ಚಿತ್ರದುರ್ಗದವನು. ಹೊರದೇಶದ ಒಂದು ಪ್ರೋಟಾನ್ ಕೇಂದ್ರದಲ್ಲಿ ಇದೇ ಕ್ಷೇತ್ರದಲ್ಲಿ ಪೋಸ್ಟ್‌ಡಾಕ್ ಮಾಡಿದ್ದೇನೆ. ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ನಿಮ್ಮ ಪ್ರಾಜೆಕ್ಟ್ ಬಗ್ಗೆ. ಅದು ಈ ಕ್ಷೇತ್ರದ ನಿಜವಾದ ತಲೆನೋವು. ಪ್ರೋಟಾನ್ ಒಂದು ಕಡೆ ನಿಲ್ಲುತ್ತದೆ, ಸರಿ. ಆದರೆ ಎಲ್ಲಿ ನಿಲ್ಲುತ್ತದೆ? ಅದನ್ನು ನಾವು ಸಿಟಿ ಸ್ಕ್ಯಾನ್ ನೋಡಿ ಲೆಕ್ಕ ಹಾಕುತ್ತೇವೆ. ಸಿಟಿ ತೋರಿಸುವುದು ಅಂಗಾಂಶ ಎಕ್ಸ್‌ರೇಯನ್ನು ಎಷ್ಟು ತಡೆಯಿತು ಅಂತ. ಪ್ರೋಟಾನನ್ನು ಎಷ್ಟು ತಡೆಯುತ್ತದೆ ಅನ್ನುವುದು ಅದರಿಂದ ಊಹೆ. ಆ ಊಹೆಗೆ ಬಹಳ ಕಡೆ ಶೇ 3.5 ಮತ್ತು ಮೇಲೆ ಒಂದೆರಡು ಮಿಲಿಮೀಟರ್ ಮಾರ್ಜಿನ್ ಇಡುತ್ತಾರೆ. 20 ಸೆಂ.ಮೀ. ಆಳದ ಗೆಡ್ಡೆ ಅಂದರೆ ಶೇ 3.5ಕ್ಕೇ 7 ಮಿ.ಮೀ. ಆಯಿತು. ಅಷ್ಟು ಒಳ್ಳೆಯ ಅಂಗಾಂಶ ಸುಮ್ಮನೆ ಡೋಸ್ ತಿನ್ನುತ್ತದೆ. ಜೊತೆಗೆ ರೋಗಿ ತೂಕ ಕಳೆದುಕೊಳ್ಳುತ್ತಾರೆ, ಸೈನಸ್ ತುಂಬಿಕೊಳ್ಳುತ್ತದೆ, ಕರುಳಿನಲ್ಲಿ ಗಾಳಿ ಸೇರುತ್ತದೆ. ನಿನ್ನೆ ನಿಂತ ಕಡೆ ಇವತ್ತು ನಿಲ್ಲುವುದಿಲ್ಲ.

ಪ್ರಾಂಪ್ಟ್ ಗಾಮಾ ಬರುವುದು ಇಲ್ಲಿ. ಪ್ರೋಟಾನ್ ದಾರಿಯಲ್ಲಿ ಕಾರ್ಬನ್, ಆಕ್ಸಿಜನ್ ನ್ಯೂಕ್ಲಿಯಸ್‌ಗೆ ಹೊಡೆದಾಗ 4.44 ಮತ್ತು 6.13 ಎಂಇವಿ ಗಾಮಾಗಳು ತಕ್ಷಣ ಹೊರಬರುತ್ತವೆ. ಅವು ಎಲ್ಲಿ ನಿಂತವು ಅಂತ ಗೊತ್ತಾದರೆ ಪ್ರೋಟಾನ್ ಎಲ್ಲಿ ನಿಂತಿತು ಅಂತ ಗೊತ್ತಾಗುತ್ತದೆ. ಜರ್ಮನಿಯ ಡ್ರೆಸ್ಡೆನ್‌ನವರು ರೋಗಿಯ ಮೇಲೆ ಇದನ್ನು ಮೊದಲು ಬಳಸಿದ ವರದಿ 2016ರಲ್ಲಿ ಬಂತು. ಇನ್ನೂ ದಿನನಿತ್ಯದ ಬಳಕೆಗೆ ಇಳಿದಿಲ್ಲ. ಅಂದರೆ ಮಾಡುವ ಕೆಲಸ ಬೇಕಾದಷ್ಟಿದೆ. ಇದು ನ್ಯೂಕ್ಲಿಯರ್ ಫಿಸಿಕ್ಸ್ ಓದಿದವರ ಕೆಲಸ. ನಿಮ್ಮ ಪಿಎಚ್‌ಡಿ ಇಲ್ಲಿ ವ್ಯರ್ಥ ಆಗುವುದಿಲ್ಲ, ಇದಕ್ಕೇ ಓದಿದ ಹಾಗಿದೆ.

ಈಗ ದಿನಚರಿ. ಹಗಲೆಲ್ಲ ಬೀಮ್, ಅಂದರೆ ಕಿರಣ, ರೋಗಿಗಳದು. ನಮ್ಮದು ಕೊನೆಯ ರೋಗಿ ಹೋದ ಮೇಲೆ. ರಾತ್ರಿ ಎಂಟೋ ಒಂಬತ್ತೋ. ನೀರಿನ ಟ್ಯಾಂಕ್ ತಳ್ಳಿಕೊಂಡು ಹೋಗಿ ಗ್ಯಾಂಟ್ರಿ (ಕಿರಣವನ್ನು ಬೇಕಾದ ಕೋನಕ್ಕೆ ತಿರುಗಿಸುವ ಚೌಕಟ್ಟು) ಕೆಳಗೆ ನಿಲ್ಲಿಸಿ, ಲೇಸರ್ ಗೆರೆಗೆ ಸರಿಮಾಡಿ, ನೀರು ತುಂಬಿ, ಡೋಸ್ ಅಳೆಯುವ ಚೇಂಬರ್ ಇಳಿಸುತ್ತೇವೆ. ದಪ್ಪ ಕಾಂಕ್ರೀಟ್ ಗೋಡೆಯ ದಾರಿ ಸುತ್ತಿ ಹೊರಬಂದು ಬಾಗಿಲು ಹಾಕಬೇಕು. ಒಳಗೆ ಯಾರೂ ಇಲ್ಲ ಅಂತ ಸರ್ಚ್ ಬಟನ್ ಒತ್ತಿ ಖಚಿತಪಡಿಸಿದ ಮೇಲೇ ಬೀಮ್ ಬರುವುದು. ಚೇಂಬರ್ ಒಂದೊಂದು ಮಿ.ಮೀ. ಇಳಿಯುತ್ತದೆ, ಪರದೆ ಮೇಲೆ ಗೆರೆ ಚಪ್ಪಟೆಯಾಗಿ ಬರುತ್ತಾ ಬರುತ್ತಾ ಒಮ್ಮೆಲೇ ಮೇಲೆದ್ದು ಧೊಪ್ಪನೆ ಬೀಳುತ್ತದೆ. ಪುಸ್ತಕದಲ್ಲಿ ನೋಡಿದ ಬ್ರ್ಯಾಗ್ ಪೀಕ್ ಅದೇ. ಮೊದಲ ಸಲ ನೋಡಿದಾಗ ನಾನು ಎದ್ದು ನಿಂತೆ.

ಅದೇ ರಾತ್ರಿ ಯಂತ್ರ ಕೈಕೊಟ್ಟರೆ ನಿಮ್ಮ ಸರದಿ ಹೋಯಿತು. ಮುಂದಿನ ಸರದಿ ಯಾವಾಗಲೋ. ಆದ್ದರಿಂದ ಸಹಿ ಹಾಕುವ ಮೊದಲು ಕೇಳಿ: ಪೋಸ್ಟ್‌ಡಾಕ್‌ಗೆ ಬೀಮ್ ಸಮಯ ವಾರಕ್ಕೆ ಎಷ್ಟು, ಬರವಣಿಗೆಯಲ್ಲಿ ಇದೆಯಾ? ರೋಗಿಗಳ ಪ್ಲ್ಯಾನ್ ಡೇಟಾ ಬಳಸಲು ಎಥಿಕ್ಸ್ ಅನುಮತಿ ಈಗಾಗಲೇ ಇದೆಯಾ, ಇಲ್ಲ ನೀವು ಹೋಗಿ ಅರ್ಜಿ ಹಾಕಬೇಕಾ? ಹಾಕಬೇಕಿದ್ದರೆ ತಿಂಗಳುಗಟ್ಟಲೆ ಅಲ್ಲೇ ಹೋಗುತ್ತದೆ. ಯಂತ್ರದ ಕಂಪನಿ ಜೊತೆ ಒಪ್ಪಂದ ಇದ್ದರೆ ಪೇಪರ್ ಬರೆಯಲು ಅವರ ಅನುಮತಿ ಬೇಕಾ? ಎರಡು ವರ್ಷದ ಹಣ ಪೂರ್ತಿ ಕೈಯಲ್ಲಿದೆಯಾ, ಒಂದು ವರ್ಷ ಕಳೆದ ಮೇಲೆ ನೋಡೋಣ ಅನ್ನುತ್ತಾರಾ? ಹಿಂದಿನ ಪೋಸ್ಟ್‌ಡಾಕ್ ಈಗ ಎಲ್ಲಿದ್ದಾರೆ ಅಂತ ಕೇಳಿ, ಅವರಿಗೇ ಒಂದು ಮೇಲ್ ಹಾಕಿ. ಈ ಕೊನೆಯದು ಬಹಳ ಮುಖ್ಯ.

ಪಿಜೆ_ಬಡಾವಣೆ
ಇದು ಕೆಲಸಕ್ಕೆ ಬರುವ ಮಾತು. ಹಿಂದಿನವರು ಎಲ್ಲಿದ್ದಾರೆ ಅಂತ ನೋಡಿದರೆ ಅಪ್ಪನ ಪ್ರಶ್ನೆಗೂ ಉತ್ತರ ಸಿಗುತ್ತೆ.

ಕುಂದವಾಡ_ಕೆರೆ_ದಂಡೆ
ರಾತ್ರಿ ಬೀಮ್ ಅವರೇ, ಒಂದು ಸಣ್ಣ ತಿದ್ದುಪಡಿ. "ಗಾಮಾ ಎಲ್ಲಿ ನಿಂತವು" ಅಂತ ಬರೆದಿದ್ದೀರಿ. ಗಾಮಾ ನಿಲ್ಲುವುದಿಲ್ಲವಲ್ಲ, ಎಲ್ಲಿಂದ ಹೊರಟವು ಅಂತ ಇರಬೇಕು. ದಾರಿಯಲ್ಲಿ ಯಾವ ಬಿಂದುವಿನ ಆಚೆಗೆ ಗಾಮಾ ಹೊರಡುವುದು ನಿಂತಿತು ಅಂತ.

ರಾತ್ರಿ_ಬೀಮ್
ಹೌದು ಸರ್, ಅದೇ ಅರ್ಥ. ನಿಮ್ಮ ವಾಕ್ಯವೇ ಚೆನ್ನಾಗಿದೆ.

ವಿದ್ಯಾನಗರ_ಅಮ್ಮ
ನನಗೂ ಮಗಳಿದ್ದಾಳೆ. ಹುಡುಗಿಯ ಅಮ್ಮನ ಭಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಮುಂದೆ ಮದುವೆ, ಮಕ್ಕಳು ಅಂತ ಇರುತ್ತೆ. ರೇಡಿಯೇಷನ್ ಜಾಗದಲ್ಲಿ ದಿನಾ ಕೆಲಸ ಮಾಡಿದರೆ ಏನೂ ಆಗಲ್ವಾ?

ಲೀನಾಕ್_ಕನ್ಸೋಲ್
ಒಳ್ಳೆಯ ಪ್ರಶ್ನೆ ಅಮ್ಮ. ಬೀಮ್ ಇರುವಾಗ ಚಿಕಿತ್ಸಾ ಕೋಣೆಯಲ್ಲಿ ರೋಗಿ ಬಿಟ್ಟು ಯಾರೂ ಇರುವುದಿಲ್ಲ. ಬಾಗಿಲು ತೆರೆದರೆ ಬೀಮ್ ತಾನಾಗಿ ನಿಲ್ಲುತ್ತದೆ. ನಮ್ಮ ದೇಶದಲ್ಲಿ ರೇಡಿಯೇಷನ್ ಕೆಲಸಗಾರರಿಗೆ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ದೇಹಕ್ಕೆ ತಗಲಿದ ರೇಡಿಯೇಷನ್‌ನ ಅಳತೆ), ಯಾವ ಒಂದೇ ವರ್ಷದಲ್ಲೂ 30 ದಾಟಬಾರದು. ಎದೆ ಮೇಲೆ ರೇಡಿಯೇಷನ್ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಇರುತ್ತದೆ, ಮೂರು ತಿಂಗಳಿಗೊಮ್ಮೆ ಕಳಿಸಿ ಓದಿಸುತ್ತಾರೆ. ಗರ್ಭಿಣಿ ಅಂತ ತಿಳಿಸಿದ ಮೇಲೆ ಮಗುವಿಗೆ ಉಳಿದ ತಿಂಗಳುಗಳಿಗೆಲ್ಲ ಸೇರಿ 1 ಮಿಲಿಸೀವರ್ಟ್ ಮಿತಿ. ನನ್ನ ಬ್ಯಾಡ್ಜ್ ವರದಿಗಳು ಮಿತಿಯ ಹತ್ತಿರಕ್ಕೂ ಹೋದದ್ದಿಲ್ಲ. ನನಗೂ ಇಬ್ಬರು ಮಕ್ಕಳು, ಇಬ್ಬರೂ ಇದೇ ಕೆಲಸದಲ್ಲಿದ್ದಾಗಲೇ ಹುಟ್ಟಿದವರು.

ರಾತ್ರಿ_ಬೀಮ್
ಪ್ರೋಟಾನ್ ಕೇಂದ್ರದಲ್ಲಿ ಒಂದು ವಿಷಯ ಜಾಸ್ತಿ ಇದೆ, ಮುಚ್ಚಿಡುವುದಿಲ್ಲ. ಪ್ರೋಟಾನ್ ಹೊಡೆದ ವಸ್ತುಗಳಲ್ಲಿ ಸ್ವಲ್ಪ ರೇಡಿಯೋಆಕ್ಟಿವಿಟಿ ಹುಟ್ಟುತ್ತದೆ. ಆಕ್ಸಿಜನ್-15 ಎರಡು ನಿಮಿಷದಲ್ಲಿ ಅರ್ಧ ಆಗುತ್ತದೆ, ಕಾರ್ಬನ್-11 ಇಪ್ಪತ್ತು ನಿಮಿಷದಲ್ಲಿ. ಅದಕ್ಕೇ ಅಳತೆ ಆದ ತಕ್ಷಣ ಫ್ಯಾಂಟಮ್ (ರೋಗಿಯ ದೇಹದ ಬದಲು ಇಡುವ ಮಾದರಿ) ಎತ್ತಿಕೊಳ್ಳಲು ಓಡಬಾರದು. ಮೀಟರ್ ಹಿಡಿದು ನೋಡಿ, ಕಾದು, ಆಮೇಲೆ ಮುಟ್ಟುತ್ತೇವೆ. ಹಾಗೆ ಹೊಡೆದಾಗ ಹೊರಬರುವ ನ್ಯೂಟ್ರಾನ್‌ಗಳನ್ನು ತಡೆಯಲೆಂದೇ ಗೋಡೆ ಅಷ್ಟು ದಪ್ಪ. ನಿಯಮ ಪಾಲಿಸಿದರೆ ಭಯ ಬೇಕಿಲ್ಲ.

ವಿದ್ಯಾನಗರ_ಅಮ್ಮ
ಹಾಗೆ ಬಿಡಿಸಿ ಹೇಳಿದರೆ ನಮಗೂ ಧೈರ್ಯ. ಹುಡುಗಿ, ಇದನ್ನು ಅಮ್ಮನಿಗೆ ಓದಿ ಹೇಳು.

ಚಳ್ಳಕೆರೆ_ಕಾವಲು
ನನಗೊಂದು ಯೋಚನೆ. ನಮ್ಮ ಚಳ್ಳಕೆರೆ ಕುದಾಪುರದಲ್ಲಿ ಐಐಎಸ್ಸಿ ಕ್ಯಾಂಪಸ್ ಇದೆ, ಬಿಎಆರ್‌ಸಿ (ಭಾಭಾ ಅಣು ಸಂಶೋಧನಾ ಕೇಂದ್ರ), ಡಿಆರ್‌ಡಿಒ, ಇಸ್ರೋಗೂ ಜಾಗ ಕೊಟ್ಟಿದ್ದಾರೆ. ಸೈನ್ಸ್ ಸಿಟಿ ಅಂತ ಹೆಸರು ಬೇರೆ. ಅಲ್ಲೇ ಒಂದು ಪ್ರೋಟಾನ್ ಕೇಂದ್ರ ಮಾಡಿದರೆ ದುರ್ಗ, ದಾವಣಗೆರೆ, ಬಳ್ಳಾರಿ, ಪಕ್ಕದ ಅನಂತಪುರ ಎಲ್ಲರಿಗೂ ಆಗುತ್ತೆ. ನಮ್ಮ ಕುರಿ, ದನ ಮೇಯುತ್ತಿದ್ದ ಅಮೃತಮಹಲ್ ಕಾವಲು ಬಿಟ್ಟುಕೊಟ್ಟಿದ್ದೇವೆ. ಜನರಿಗೆ ನೇರವಾಗಿ ಕಾಣುವ ಒಂದು ಉಪಯೋಗ ಬೇಡವಾ?

ಗುಂಡಿ_ಸರ್ಕಲ್
ಬಿಟ್ಟುಕೊಟ್ಟಿರೋ, ಕಿತ್ತುಕೊಂಡರೋ? ಅದಕ್ಕೆ ಹಸಿರು ನ್ಯಾಯಮಂಡಳಿವರೆಗೆ ಹೋದದ್ದು ನೆನಪಿಲ್ವಾ?

ಚಳ್ಳಕೆರೆ_ಕಾವಲು
ನೆನಪಿದೆ. ಅದಕ್ಕೇ ಕೇಳುತ್ತಿರುವುದು.

ಲೀನಾಕ್_ಕನ್ಸೋಲ್
ಯಂತ್ರ ಮಾತ್ರ ಇಟ್ಟರೆ ಆಗುವುದಿಲ್ಲ. ಅರಿವಳಿಕೆ ಡಾಕ್ಟರ್, ಮಕ್ಕಳ ಕ್ಯಾನ್ಸರ್ ತಜ್ಞರು, ಎಂಆರ್‌ಐ, ಸರ್ಜರಿ, ದಿನಪೂರ್ತಿ ಸ್ಥಿರವಾದ ಕರೆಂಟ್, ಎಲ್ಲ ಬೇಕು. ದೊಡ್ಡ ಆಸ್ಪತ್ರೆ ಪಕ್ಕದಲ್ಲಿದ್ದರೇ ಚೆಂದ. ಆದರೆ ಡಿಟೆಕ್ಟರ್ ಸಂಶೋಧನೆ, ಸಿಮ್ಯುಲೇಷನ್‌ಗೆ ಆಸ್ಪತ್ರೆ ಬೇಕಾಗಿಲ್ಲ. ಅದನ್ನು ಕುದಾಪುರದಲ್ಲೂ ಮಾಡಬಹುದು, ದಾವಣಗೆರೆ ವಿಶ್ವವಿದ್ಯಾಲಯ ಇರುವ ತೋಳಹುಣಸೆಯಲ್ಲೂ ಮಾಡಬಹುದು. ಕೊಬಾಲ್ಟ್ ಯಂತ್ರ ಭಾಭಾಟ್ರಾನ್ ನಮ್ಮ ಬಿಎಆರ್‌ಸಿ ರೂಪಿಸಿದ್ದು, ಬೆಂಗಳೂರಿನ ಕಂಪನಿ ತಯಾರಿಸಿದ್ದು. ನಮ್ಮವರ ಕೈಯಲ್ಲಿ ಆಗುತ್ತೆ.

ರಾಮ್‌ಕೋ_ಸಂಜೆ
ದುಡ್ಡಿನ ವಿಷಯ ಯಾರೂ ಎತ್ತಲಿಲ್ಲ. ಇಲ್ಲೇ ರಿಸರ್ಚ್ ಅಸೋಸಿಯೇಟ್ ಆದರೆ 2023ರ ಪರಿಷ್ಕರಣೆ ಪ್ರಕಾರ ತಿಂಗಳಿಗೆ 58 ಸಾವಿರದಿಂದ 67 ಸಾವಿರ, ಮೇಲೆ ಮನೆ ಬಾಡಿಗೆ ಭತ್ಯೆ. ದಾವಣಗೆರೆಯಲ್ಲಿ ರಾಜನ ಹಾಗೆ ಇರಬಹುದು. ಅಲ್ಲಿ ಸಂಬಳ ದೊಡ್ಡದಾಗಿ ಕಾಣುತ್ತೆ, ಬಾಡಿಗೆಗೇ ಹೋಗುತ್ತೆ.

ರಾತ್ರಿ_ಬೀಮ್
ಹೌದು, ತೆರಿಗೆ, ವಿಮೆ ಕಳೆದು ಕೈಗೆ ಎಷ್ಟು ಅಂತ ಕೇಳಿಯೇ ಲೆಕ್ಕ ಹಾಕಬೇಕು. ಆದರೆ ಆ ರಿಸರ್ಚ್ ಅಸೋಸಿಯೇಟ್ ಭತ್ಯೆ ಎಷ್ಟೋ ಕಡೆ ತಿಂಗಳುಗಟ್ಟಲೆ ತಡವಾಗಿ ಬರುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇನ್ನೊಂದು. ಮುಂದೆ ಯುರೋಪಿಯನ್ ಒಕ್ಕೂಟದ ಮೇರಿ ಕ್ಯೂರಿ ಫೆಲೋಶಿಪ್‌ಗೆ ಅರ್ಜಿ ಹಾಕುವ ಆಸೆ ಇದ್ದರೆ ನಿಯಮ ಈಗಲೇ ತಿಳಿದಿರಲಿ. ಯಾವ ದೇಶಕ್ಕೆ ಅರ್ಜಿ ಹಾಕುತ್ತೀರೋ ಆ ದೇಶದಲ್ಲಿ ಕಳೆದ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ಈ ಪೋಸ್ಟ್‌ಡಾಕ್ ಮಾಡುವ ದೇಶಕ್ಕೇ ಅದು ಮುಗಿದ ಕೂಡಲೇ ಅರ್ಜಿ ಹಾಕಲು ಆಗುವುದಿಲ್ಲ. ಬೇರೆ ದೇಶ ಆಗಬಹುದು.

ಶಿವಗಂಗೋತ್ರಿ_ಹುಡುಗಿ
ಎಲ್ಲರಿಗೂ ತುಂಬಾ ಧನ್ಯವಾದ. ರಾತ್ರಿ ಬೀಮ್ ಅವರ ಪ್ರಶ್ನೆಗಳನ್ನೆಲ್ಲ ಕೇಂದ್ರಕ್ಕೆ ಬರೆದಿದ್ದೆ. ಉತ್ತರ ಬಂತು. ಹಣ ಎರಡು ವರ್ಷಕ್ಕೂ ಇದೆ. ಸಂಶೋಧನೆಗೆ ವಾರದಲ್ಲಿ ಸಂಜೆ ಬೀಮ್, ಶನಿವಾರ ಜಾಸ್ತಿ. ಎಥಿಕ್ಸ್ ಅನುಮತಿ ಫ್ಯಾಂಟಮ್ ಅಳತೆಗೆ ಬೇಕಾಗಿಲ್ಲ, ರೋಗಿ ಡೇಟಾಗೆ ಇನ್ನೂ ಪ್ರಕ್ರಿಯೆಯಲ್ಲಿದೆ ಅಂದರು. ಹಿಂದೆ ಇದ್ದವರ ಜೊತೆ ಮಾತಾಡಿದೆ. ಅವರು ಡಿಟೆಕ್ಟರ್ ಕಂಪನಿಯಲ್ಲಿ ಇದ್ದಾರೆ. "ಬಾಸ್ ಒಳ್ಳೆಯವರು, ಆದರೆ ರೋಗಿ ಡೇಟಾ ನಂಬಿಕೊಂಡು ಮೊದಲ ವರ್ಷದ ಯೋಜನೆ ಮಾಡಬೇಡ" ಅಂದರು.

ಹೋಗುತ್ತೇನೆ ಅಂತ ತೀರ್ಮಾನ ಮಾಡಿದೆ. ಮೊದಲ ವರ್ಷ ಪೂರ್ತಿ ಫ್ಯಾಂಟಮ್ ಮೇಲೆ ಕೆಲಸ. ವಾಪಸ್ ಬಂದ ಮೇಲೆ ಆಸ್ಪತ್ರೆ ಕೆಲಸವೇ ಬೇಕು ಅನಿಸಿದರೆ ಡಿಪ್ಲೊಮಾ ಮಾಡುತ್ತೇನೆ. ಅಪ್ಪನಿಗೂ ಇದನ್ನೇ ಹೇಳಿದೆ, ಒಪ್ಪಿದರು. ಅಮ್ಮ ಬ್ಯಾಡ್ಜ್ ವರದಿ ಪ್ರತಿ ಸಲ ವಾಟ್ಸಾಪ್‌ನಲ್ಲಿ ಕಳಿಸಬೇಕು ಅಂದಿದ್ದಾರೆ. ಕಳಿಸುತ್ತೇನೆ.

ಹಿರಿಯೂರು_ಬೈಪಾಸ್
ಒಳ್ಳೆಯದಾಗಲಿ ತಂಗಿ.

ಗುಂಡಿ_ಸರ್ಕಲ್
ನನ್ನ ಪ್ರಶ್ನೆ ಹಾಗೇ ಇದೆ, ಆದರೆ ನಿಮ್ಮ ಮೇಲೆ ಅಲ್ಲ, ಸರ್ಕಾರದ ಮೇಲೆ. ಹೋಗಿ ಬನ್ನಿ. ಬಂದ ಮೇಲೆ ಇಲ್ಲಿನ ಲೀನಾಕ್‌ಗಳ ಬಗ್ಗೆಯೂ ಬಾಯಿ ಬಿಡಿ.

ಎಂಎಸ್ಸಿ_ಎರಡನೇ_ವರ್ಷ
ನಾನು ದಾವಣಗೆರೆಯಲ್ಲೇ ಎಂಎಸ್ಸಿ ಫಿಸಿಕ್ಸ್ ಓದುತ್ತಿದ್ದೇನೆ. ಪಿಎಚ್‌ಡಿ ಎಲ್ಲ ಬೇಡ, ನೇರವಾಗಿ ಆಸ್ಪತ್ರೆ ಫಿಸಿಸಿಸ್ಟ್ ಆಗಬೇಕು. ಎಲ್ಲಿಂದ ಶುರು ಮಾಡಲಿ?

ಲೀನಾಕ್_ಕನ್ಸೋಲ್
ಬಿಎಆರ್‌ಸಿಯವರ ರೇಡಿಯಾಲಾಜಿಕಲ್ ಫಿಸಿಕ್ಸ್ ಡಿಪ್ಲೊಮಾ ನೋಡು. ಮುಂಬೈನಲ್ಲಿ ಒಂದು ವರ್ಷ, ಪ್ರವೇಶ ಪರೀಕ್ಷೆ ಇದೆ. ಬಿಎಸ್ಸಿ, ಎಂಎಸ್ಸಿ ಅಂಕಗಳ ಷರತ್ತು ಇರುತ್ತೆ, ಈ ವರ್ಷದ ಅಧಿಸೂಚನೆ ಬಂದಾಗ ಸರಿಯಾಗಿ ಓದು. ಆಮೇಲೆ ಇಂಟರ್ನ್‌ಶಿಪ್‌ಗೆ ಆಸ್ಪತ್ರೆ ನೀನೇ ಹುಡುಕಬೇಕಾಗಬಹುದು, ಅದನ್ನು ಕೋರ್ಸ್ ನಡೆಯುವಾಗಲೇ ಶುರು ಮಾಡು. ನ್ಯೂಕ್ಲಿಯರ್ ಫಿಸಿಕ್ಸ್ ಪೇಪರ್ ಗಟ್ಟಿ ಮಾಡಿಕೋ. ಪೈಥಾನ್ ಕಲಿ.

ಶಿವಗಂಗೋತ್ರಿ_ಹುಡುಗಿ
ಕೊನೆಯದಾಗಿ ಒಂದು. ವೀಸಾಕ್ಕೆ ಡಿಗ್ರಿ ಸರ್ಟಿಫಿಕೇಟ್‌ಗೆ ಅಪೊಸ್ಟಿಲ್ (ಹೊರದೇಶದಲ್ಲಿ ಒಪ್ಪುವ ದೃಢೀಕರಣ) ಕೇಳಿದ್ದಾರೆ. ನೇರವಾಗಿ ವಿದೇಶಾಂಗ ಇಲಾಖೆಗೆ ಕೊಡಬಹುದಾ?

ರಾತ್ರಿ_ಬೀಮ್
ಇಲ್ಲ, ಮೊದಲು ಬೆಂಗಳೂರಿನಲ್ಲಿ ರಾಜ್ಯದ ಮಟ್ಟದ ದೃಢೀಕರಣ ಆಗಬೇಕು, ಆಮೇಲೆ ಅಪೊಸ್ಟಿಲ್. ಒರಿಜಿನಲ್ ಕೊಡಬೇಕಾಗುತ್ತೆ. ಕೊಡುವ ಮೊದಲು ಎಲ್ಲದರ ಸ್ಕ್ಯಾನ್ ಇಟ್ಟುಕೊಳ್ಳಿ. ಪಿಎಚ್‌ಡಿ ಸರ್ಟಿಫಿಕೇಟ್ ಘಟಿಕೋತ್ಸವದವರೆಗೆ ಸಿಗದಿದ್ದರೆ ಪ್ರೊವಿಷನಲ್ ಒಪ್ಪುತ್ತಾರಾ ಅಂತ ಇವತ್ತೇ ಮೇಲ್ ಹಾಕಿ ಕೇಳಿ.